ದೊಡ್ಡ ಪಿಟೀಲು

ಫೆಬ್ರವರಿ ೯, ಭಾನುವಾರ. ಪಾಂಡವಪುರ

ಇವತ್ತೂ ಅಪ್ಪನ ಕಾಲು ನಿಲ್ಲಲಿಲ್ಲ. ನಾನು ನುಡಿಸುತ್ತಿದ್ದಷ್ಟು ಹೊತ್ತೂ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತು ಬಲಗಾಲಲ್ಲಿ ನೆಲ ಕುಟ್ಟುತ್ತಲೇ ಇದ್ದರು. ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಚೆಲ್ಲೊ ನುಡಿಸಿದ ಮನುಷ್ಯ. ನಿವೃತ್ತಿಯಾದರೂ ಕಾಲು ಇನ್ನೂ ಕವಾಯತು ಬಿಟ್ಟಿಲ್ಲ. ತಾಳ ಒಂದು ಕೂದಲೆಳೆಯಷ್ಟು ಜಾರಿದರೂ ಸದ್ದು ಜೋರಾಗುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಒಂಬತ್ತನೆಯ ವಯಸ್ಸಿನಿಂದ ನಾನು ಕಲಿತದ್ದು ಆ ಕಾಲಿನಿಂದಲೇ. ಆಮೇಲೆ ಆರು ವರ್ಷ ವಾರವಾರ ಬೆಂಗಳೂರಿಗೆ ಪಾಠಕ್ಕೆ ಹೋಗಿ ಬಂದೆ, ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮುಗಿಸಿದೆ. ಆದರೂ ಸರಿ ಬಂತೋ ತಪ್ಪಿತೋ ತಿಳಿಯಬೇಕಾದರೆ ಈಗಲೂ ಮೊದಲು ಆ ಕಡೆಗೇ ಕಿವಿ ಹೋಗುತ್ತದೆ.

ಮುಂಬೈಯ ವಾದ್ಯವೃಂದವೊಂದರಲ್ಲಿ ಒಂದು ಚೆಲ್ಲೊ ಜಾಗ ಖಾಲಿ ಇದೆ. ಮೊದಲು ವಿಡಿಯೊ ಕಳಿಸಬೇಕು, ಎಲ್ಲೂ ಕತ್ತರಿಸದೆ ಒಂದೇ ಸಲಕ್ಕೆ ನುಡಿಸಿದ್ದು. ಮುನ್ನೂರು ವರ್ಷದ ಹಿಂದೆ ಜರ್ಮನಿಯವನೊಬ್ಬ ಒಂಟಿ ಚೆಲ್ಲೊಗೆಂದು ಬರೆದ ಸೂಟನ್ನು, ಅಂದರೆ ಕುಣಿತದ ಮಟ್ಟುಗಳ ಮಾಲೆಯನ್ನು, ಆರಿಸಿಕೊಂಡಿದ್ದೇನೆ. ಅದರ ನಡುವೆ ಸರಬಾಂದ್ ಎಂಬ ನಿಧಾನದ ಕುಣಿತವೊಂದಿದೆ. ಹಾಳೆಯಲ್ಲಿ ನೋಡಿದರೆ ಮಕ್ಕಳೂ ನುಡಿಸಿಬಿಡಬಹುದು ಅನಿಸುತ್ತದೆ. ವೇಗದ ಭಾಗಗಳೆಲ್ಲ ಬೆರಳಿಗೆ ಬಂದಿವೆ. ಇದೊಂದು ಬರುತ್ತಿಲ್ಲ.

ನನಗೆ ಇಪ್ಪತ್ತೇಳು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಚೆಲ್ಲೊ ಎಂದರೇನೆಂದು ಗೊತ್ತಿರುವವರು ಅಪ್ಪ ಮತ್ತು ನಾನು. ಅವ್ವನಿಗೂ ಅದು ದೊಡ್ಡ ಪಿಟೀಲು. ಗೊತ್ತಿರುವವರ ಮುಂದೆ ಒಮ್ಮೆ ನುಡಿಸಬೇಕು. ಅವರು ಕೇಳಿ, ಯಾರಿವಳು ಅನ್ನಬೇಕು. ಅಷ್ಟೇ.

ಫೆಬ್ರವರಿ ೧೩, ಗುರುವಾರ

ಕೆ.ಆರ್.ಪೇಟೆಯ ಶಾಲೆಗೆ ಹೋಗುವ ದಿನ. ವಾರಕ್ಕೆ ಎರಡು ದಿನ ಅಲ್ಲಿ ಸಂಗೀತದ ಪಾಠ ನನ್ನದು. ನಾಡಗೀತೆ, ಕೀಬೋರ್ಡು, ವಾರ್ಷಿಕೋತ್ಸವದ ಹಾಡು. ಮಧ್ಯಾಹ್ನ ಖಾಲಿ ಕೊಠಡಿಯಲ್ಲಿ ಅಭ್ಯಾಸಕ್ಕೆ ಬಿಡುತ್ತಾರೆಂದು ಚೆಲ್ಲೊ ಹೊತ್ತೊಯ್ದೆ. ಬಸ್ಸಿನಲ್ಲಿ ಕಂಡಕ್ಟರು ನನ್ನ ಆಧಾರ್ ನೋಡಿ ಫ್ರೀ ಟಿಕೆಟು ಕೊಟ್ಟರು, ಪೆಟ್ಟಿಗೆಗೆ ಲಗೇಜು ಹಾಕಿದರು. ಅದೂ ಹೆಣ್ಣೇ ಸಾರ್ ಎಂದೆ. "ಅಂಗಾರೆ ಅದ್ರು ಆಧಾರೂ ತೋರ್ಸಿ" ಅಂದರು. ಬಸ್ಸೆಲ್ಲ ನಕ್ಕಿತು.

ಮಧ್ಯಾಹ್ನ ಯಾರೋ ಅತಿಥಿಗಳು ಬಂದಿದ್ದರು. ಮುಖ್ಯೋಪಾಧ್ಯಾಯರು ನಮ್ಮ ಪಿಟೀಲು ಮೇಡಂ ಎಂದು ಪರಿಚಯಿಸಿ, ಒಂದು ಸಿನಿಮಾ ಹಾಡು ನುಡಿಸಲು ಹೇಳಿದರು. ನುಡಿಸಿದೆ. ಅರ್ಧಕ್ಕೆ ಟೀ ಬಂತು.

ಫೆಬ್ರವರಿ ೨೩, ಭಾನುವಾರ. ಕೆ.ಆರ್.ಎಸ್.

ಪಕ್ಕದ ಸೈಟಿನಲ್ಲಿ ಬೋರು ಕೊರೆಯುವ ಲಾರಿ ಬಂದು ನಿಂತಿದೆ, ಮನೆಯಲ್ಲಿ ವಿಡಿಯೊ ಮಾಡುವಂತಿರಲಿಲ್ಲ. ಶಾಲೆಯ ಗೆಳತಿ ರಮ್ಯಳ ತಂದೆ ನೀರಾವರಿ ಇಲಾಖೆಯಲ್ಲಿದ್ದಾರೆ. ಅವರ ಕ್ವಾರ್ಟರ್ಸಿನ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬೆವರುತ್ತ ಐದು ಸಲ ನುಡಿಸಿದೆ. ರಮ್ಯ ಫೋನು ಹಿಡಿದಳು. ಅಪ್ಪ ಮೂಲೆಯಲ್ಲಿ ಕಾಲಿಗೆ ಟವೆಲು ಸುತ್ತಿಕೊಂಡು ಕೂತರು, ಕುಟ್ಟಿದರೆ ಸದ್ದಾಗದಿರಲೆಂದು.

ಮೂರನೆಯದೇ ಸರಿ ಎಂದರು ಅಪ್ಪ. ಗೆರೆ ಎಳೆದ ಹಾಗಿತ್ತು ಅದು, ನಿಜ. ಐದನೆಯದರಲ್ಲಿ ಸರಬಾಂದ್ ಬಂದಾಗ ದಣಿದಿದ್ದೆ, ಕಮಾನು ಅಲ್ಲಲ್ಲಿ ತಡೆದು ನಿಂತಿತ್ತು. ಸಂಜೆ ಕಳಿಸುವಾಗ ಯಾಕೋ ಐದನೆಯದನ್ನೇ ಕಳಿಸಿಬಿಟ್ಟೆ. ಅಪ್ಪನಿಗೆ ಹೇಳುವುದು ಮರೆತುಹೋಯಿತು.

ಮಾರ್ಚ್ ೧೯, ಬುಧವಾರ

ಉತ್ತರವಿಲ್ಲ. ಬಿಸಿಲಿಗೆ ಚೆಲ್ಲೊದ ಪಕ್ಕೆಯ ಅಂಟು ಒಂದು ಗೇಣು ಬಿಟ್ಟುಕೊಂಡಿದೆ. ಅಪ್ಪ ಅಂಟು ಕಾಯಿಸಿ ಹಚ್ಚಿ, ಹಳೆಯ ಸೈಕಲ್ ಟ್ಯೂಬು ಸುತ್ತಿ ಮಲಗಿಸಿದ್ದಾರೆ. ಮೂರು ದಿನ ಮುಟ್ಟಬಾರದಂತೆ. ಕೈ ಸುಮ್ಮನಿರುವುದಿಲ್ಲ. ಅನ್ನ ಕಲಸುವಾಗ ಎಡಗೈ ತೊಡೆಯ ಮೇಲೆ ತಾನಾಗಿ ಸ್ವರ ಒತ್ತುತ್ತಿರುತ್ತದೆ. ಅವ್ವ ನೋಡಿ, ಊಟ ಮಾಡುವಾಗಲಾದರೂ ಬಿಡು ತಾಯಿ ಎಂದಳು.

ಏಪ್ರಿಲ್ ೨, ಬುಧವಾರ

ಕರೆಯೋಲೆ ಬಂತು, ಇಮೇಲಿನಲ್ಲಿ. ಜೂನ್ ಹನ್ನೆರಡಕ್ಕೆ ಮುಂಬೈಯಲ್ಲಿ ಎದುರಿಗೆ ನುಡಿಸಬೇಕು. ಓದಿ ಮುಗಿಸುವ ಮೊದಲೇ ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಹೊರಗೆ ಹೋಗಿ ಅರ್ಧ ಕೆ.ಜಿ. ಮೈಸೂರ್ ಪಾಕು ತಂದರು. ತಿನ್ನುತ್ತ ಉಳಿದದ್ದನ್ನು ಓದಿದೆ. ಆಗ ಕೆಟ್ಟಿತು.

ಎದುರಿಗೆ ಎಂದರೆ ಎದುರಿಗಲ್ಲ. ಆಯ್ಕೆ ಮಾಡುವವರಿಗೂ ನುಡಿಸುವವರಿಗೂ ನಡುವೆ ಪರದೆ ಕಟ್ಟಿರುತ್ತಾರೆ. ಹೆಸರಿಲ್ಲ, ಒಂದು ನಂಬರು ಕೊಡುತ್ತಾರೆ. ಮಾತಾಡುವಂತಿಲ್ಲ. ಕೇಳುವವರಿಗೆ ಸದ್ದು ಬಿಟ್ಟು ಬೇರೇನೂ ತಿಳಿಯಬಾರದು.

"ಮಕ ತೋರ್ಸಕ್ಕೆ ಬುಡಲ್ವಾ?" ಎಂದು ಕೇಳಿದರು ಅಪ್ಪ.

ಯಾರು, ಎಲ್ಲಿಯವರು ಅಂತ ನೋಡಿ ಆರಿಸಬಾರದಲ್ಲ, ಅದಕ್ಕೆ ಹಾಗೆ, ಒಳ್ಳೆಯದಕ್ಕೇ ಎಂದೆ. ಅಪ್ಪ ಕೈಯಲ್ಲಿದ್ದ ಮೈಸೂರ್ ಪಾಕನ್ನು ತಟ್ಟೆಗೆ ವಾಪಸು ಇಟ್ಟರು.

"ಗೊತ್ತಾಗ್ಲಿ ಅಂತ್ಲೇ ನಿಂಗೆ ಸಂಘಮಿತ್ರಾ ಅಂತ ಎಸ್ರು ಮಡಗಿದ್ದು ನಾನು. ಮುಚ್ಚಿಕಳಕ್ಕಲ್ಲ."

ಆಮೇಲೆ ಅಪ್ಪ ಎಂದೂ ಹೇಳದ್ದನ್ನೆಲ್ಲ ಹೇಳಿದರು. ತಾತ ತಮಟೆ ಬಡಿಯುತ್ತಿದ್ದಾಗ ದೇವಸ್ಥಾನದ ಗೋಡೆಯ ಆಚೆ ನಿಲ್ಲಿಸುತ್ತಿದ್ದರಂತೆ. ಒಳಗಿನವರಿಗೆ ಸದ್ದು ಬೇಕು, ಬಡಿಯುವವನು ಬೇಡ. ಹದಿನೆಂಟನೆಯ ವಯಸ್ಸಿನಲ್ಲಿ ಅಪ್ಪ ಮತ್ತು ಕೇರಿಯ ಹುಡುಗರೆಲ್ಲ ಸೇರಿ ಇನ್ನು ತಮಟೆ ಮುಟ್ಟುವುದಿಲ್ಲವೆಂದು ಬಿಟ್ಟದ್ದು ಅದಕ್ಕೇ. ಬ್ಯಾಂಡಿಗೆ ಸೇರಿದಾಗ ಇನ್ನಾದರೂ ಬೆಳಕಿನಲ್ಲಿ ಕೂರುತ್ತೇನೆ ಅಂದುಕೊಂಡರಂತೆ. ಆದರೆ ದೊಡ್ಡ ಮನುಷ್ಯರೊಬ್ಬರ ಮನೆಯ ಮದುವೆಯಲ್ಲಿ ಹೂವಿನ ಗೋಡೆ ಕಟ್ಟಿ, ಬ್ಯಾಂಡಿನವರನ್ನು ಅದರ ಹಿಂದೆ ಕೂರಿಸಿದ್ದರಂತೆ. ಮೂರು ಗಂಟೆ ನುಡಿಸಿದರೂ ವಾದ್ಯ ಬಾರಿಸಿದವರು ಯಾರೆಂದು ಒಬ್ಬನೂ ಇಣುಕಿ ನೋಡಲಿಲ್ಲ.

ಅದೂ ಇದೂ ಒಂದೇನಾ ಎಂದು ನಾನು ಕೂಗಿದೆ. ಕೂಗಬಾರದಿತ್ತು. ಅವ್ವ ಅಡುಗೆಮನೆಯಿಂದಲೇ, "ಇಂದೆ ಕೂತು ನುಡ್ಸುದ್ರೂ ಮುಂದೆ ಕೂತು ನುಡ್ಸುದ್ರೂ ಕೈ ಒಂದೇ ತಾನೆ" ಎಂದಳು.

ಏಪ್ರಿಲ್ ೫, ಶನಿವಾರ

ಅಪ್ಪ ಅಭ್ಯಾಸದ ಕೋಣೆಗೆ ಬರುತ್ತಿಲ್ಲ. ಮೊದಲ ದಿನ ತಾಳ ತಪ್ಪಿತು. ಇವತ್ತು ತಪ್ಪಲಿಲ್ಲ, ಅಥವಾ ತಪ್ಪಿದರೂ ಚೆನ್ನಾಗಿತ್ತು. ಕೋಣೆ ದೊಡ್ಡದಾಗಿ ಕಾಣುತ್ತದೆ.

ಏಪ್ರಿಲ್ ೧೪, ಸೋಮವಾರ. ನಾಗಮಂಗಲದ ಹತ್ತಿರ, ನಮ್ಮೂರು

ಅಂಬೇಡ್ಕರ್ ಜಯಂತಿಗೆ ಊರಿಗೆ ಬಂದಿದ್ದೇವೆ. ಕೇರಿಯ ಸಂಘದ ಹುಡುಗರು ನನ್ನ ಹೆಸರನ್ನು ಫ್ಲೆಕ್ಸಿನಲ್ಲಿ ಹಾಕಿಸಿಬಿಟ್ಟಿದ್ದರು. ಅಂತಾರಾಷ್ಟ್ರೀಯ ಕಲಾವಿದೆ ಅಂತೆ. ಅಳಿಸಿ ಎಂದರೆ ಯಾರು ಕೇಳುತ್ತಾರೆ?

ಕಾರ್ಯಕ್ರಮಕ್ಕೆ ಮೊದಲು ತಾತನ ಮನೆಯಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದೆ. ತಾತನಿಗೆ ಎಂಬತ್ತು ದಾಟಿದೆ. ಹತ್ತಿರ ಬಂದು ಚೆಲ್ಲೊದ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಬೆನ್ನಿಗೂ ತಟ್ಟಿದರು.

"ಇದ್ನ ಎಲ್ಲಿ ಕಾಯುಸ್ತೀಯವ್ವ?" ಎಂದು ಕೇಳಿದರು.

ತಮಟೆಯನ್ನು ಬಡಿಯುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಆ ಲೆಕ್ಕ. ಇದನ್ನು ಕಾಯಿಸುವುದಿಲ್ಲ ತಾತ, ಕಾದರೆ ಬಿರುಕು ಬಿಡುತ್ತದೆ ಎಂದೆ. ತಾತ ನಂಬಲಿಲ್ಲ. ಕಾಯಿಸದೆ ಯಾವುದಕ್ಕೂ ಬಾಯಿ ಬರುವುದಿಲ್ಲವೆಂದು ಹೇಳಿ ಬಾಗಿಲಲ್ಲಿ ಕೂತರು. ಬಾಗಿಲ ಆಚೆ ನಿಂತಿದ್ದ ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು, ತಾತನ ಕಡೆಗೂ ನೋಡದೆ ನನ್ನ ಕಡೆಗೂ ನೋಡದೆ ಹೋದರು.

ವೇದಿಕೆಯಲ್ಲಿ ಮೈಕು ನನ್ನ ಮೂಗಿನ ನೇರಕ್ಕಿತ್ತು, ಚೆಲ್ಲೊ ದನಿ ಯಾರಿಗೆ ಎಷ್ಟು ಕೇಳಿಸಿತೋ. ಮಕ್ಕಳು ಓಡಾಡುತ್ತಿದ್ದವು. ಸರಬಾಂದ್ ನಡುವೆ ಒಂದು ಕಡೆ ಸುಮ್ಮನೆ ನಿಲ್ಲಬೇಕು. ನಿಂತೆ. ಮುಗಿಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವವರೆಗೆ ಕಮಾನು ಎತ್ತಿ ಹಿಡಿದು ಕಾದು, ಆಮೇಲೆ ಮುಂದಕ್ಕೆ ಹೋದೆ. ಆ ಭಾಗವನ್ನು ಎರಡು ಸಲ ನುಡಿಸಬೇಕು; ಎರಡನೆಯ ಸಲ ಅದೇ ಜಾಗ ಬಂದಾಗ ಯಾರೂ ತಟ್ಟಲಿಲ್ಲ. ಮಕ್ಕಳೂ ನಿಂತಿದ್ದವು. ಆ ನಿಲುಗಡೆ ಅಷ್ಟು ಉದ್ದ ಎಂದೂ ಬಂದಿರಲಿಲ್ಲ. ಯಾವಾಗ ಮುಂದುವರಿಯಬೇಕೆಂದು ತಾಳ ನೋಡಿಕೊಳ್ಳಲಿಲ್ಲ, ಅವರು ಉಸಿರು ಬಿಟ್ಟಾಗ ಹೊರಟೆ.

ಶಾಲು, ಹಣ್ಣಿನ ಬುಟ್ಟಿ, ಬುದ್ಧನ ಫೋಟೊ ಕೊಟ್ಟರು. ಊರಿನ ಹೆಂಗಸರೆಲ್ಲ ಕೈ ಹಿಡಿದುಕೊಂಡು ಬಿಡಲಿಲ್ಲ. ಸಂತೋಷವೇ. ಆದರೆ ಇವರಿಗೆ ನಾನು ದೇವರಾಜಣ್ಣನ ಮಗಳು, ಏನು ನುಡಿಸಿದರೂ ತಟ್ಟುತ್ತಾರೆ. ನನಗೆ ಬೇಕಾದದ್ದು ಇದಲ್ಲ.

ಮೇ ೧೧, ಭಾನುವಾರ. ಶ್ರೀರಂಗಪಟ್ಟಣ

ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೈಸೂರಿನ ತಂಡವೊಂದರ ಜೊತೆ ಇಲ್ಲಿನ ಛತ್ರದಲ್ಲಿ ಆರತಕ್ಷತೆಗೆ ನುಡಿಸಿ ಬಂದೆ. ಮಧ್ಯಾಹ್ನದ ಊಟದ ಹೊತ್ತು. ಜನ ಕೈತೊಳೆಯುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬರು ಮಾತ್ರ ಎಲೆ ಅಡಿಕೆ ಹಿಡಿದು ಪಕ್ಕದಲ್ಲೇ ನಿಂತು ಕೊನೆಯವರೆಗೆ ಕೇಳಿದರು. ಹುಡುಗಿಯ ಕಡೆಯ ದೊಡ್ಡಪ್ಪ ಇರಬೇಕು. ಮುಗಿದ ಮೇಲೆ ಹತ್ತಿರ ಬಂದು, ಜೀವಮಾನದಲ್ಲಿ ಇಂಥದ್ದು ಕೇಳಿಲ್ಲಮ್ಮ ಎಂದರು. ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಆಮೇಲೆ ಹೆಸರು ಕೇಳಿದರು, ಹೇಳಿದೆ. ಯಾವೂರು ಎಂದರು, ಹೇಳಿದೆ. ಊರಲ್ಲಿ ಯಾವ ಕಡೆ ಮನೆ ಎಂದರು. ಅದನ್ನೂ ಹೇಳಿದೆ. ಅವರು ಓಹೋ ಎಂದು ಫೋನು ತೆಗೆದು ನೋಡತೊಡಗಿದರು. ಅದು ರಿಂಗಾಗಿರಲಿಲ್ಲ.

ಊಟಕ್ಕೆ ನಿಲ್ಲದೆ ಬಂದೆ. ಆ ಮನುಷ್ಯನ ಒದ್ದೆ ಕಣ್ಣು ಸುಳ್ಳಲ್ಲ. ಅದೇ ಹೆಚ್ಚು ಸಂಕಟ.

ಅಪ್ಪನಿಗೆ ಇದನ್ನು ಹೇಳುವುದಿಲ್ಲ. ಹೇಳಿದರೆ ನೋಡು ನಾನು ಅಂದಿರಲಿಲ್ಲವೇ ಅನ್ನುತ್ತಾರೆ. ಅಥವಾ ಪರದೆಯೇ ವಾಸಿ ಅನ್ನುತ್ತಾರೆ. ಎರಡನ್ನೂ ಅವರ ಬಾಯಲ್ಲಿ ಕೇಳಲಾರೆ.

ಮೇ ೨೭, ಮಂಗಳವಾರ

ಭುಜ ನೋವು. ಸರಬಾಂದ್‌ನ ಮೊದಲ ಸಾಲು ಮಾತ್ರ, ಬೆಳಗ್ಗೆಯಿಂದ. ಎರಡನೆಯ ಸ್ವರಕ್ಕೆ ಹೋಗುವ ಮುಂಚೆ ಮೊದಲನೆಯದನ್ನು ಎಷ್ಟು ಹೊತ್ತು ಬಿಡದೆ ಇರಬಹುದು ಎಂದು ನೋಡುತ್ತಿದ್ದೇನೆ. ಬಾಗಿಲ ಸಂದಿಯಲ್ಲಿ ಅಪ್ಪನ ನೆರಳು ಕಂಡಿತು. ಒಳಗೆ ಬರಲಿಲ್ಲ.

ಜೂನ್ ೧೦, ಮಂಗಳವಾರ. ರೈಲಿನಲ್ಲಿ

ಅವ್ವ ಜೊತೆಗೆ ಬರುವುದೆಂದು ಮಾತಾಗಿತ್ತು. ಧರ್ಮಸ್ಥಳದಿಂದ ಆಚೆಗೆ ಹೋದವಳಲ್ಲ, ನಾಲ್ಕು ದಿನದಿಂದ ರೊಟ್ಟಿ ತಟ್ಟಿ ಚಟ್ನಿಪುಡಿ ಕುಟ್ಟಿ ಸಿದ್ಧವಾಗಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಚೆಲ್ಲೊ ಪೆಟ್ಟಿಗೆ ಜಾಗದಲ್ಲಿರಲಿಲ್ಲ. ಗಾಬರಿಯಿಂದ ಆಟೊ ಹಿಡಿದು ಸ್ಟೇಷನ್ನಿಗೆ ಹೋದೆವು. ಪಾಂಡವಪುರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪೆಟ್ಟಿಗೆಯನ್ನು ಮಗುವಿನಂತೆ ಪಕ್ಕಕ್ಕೆ ಆನಿಸಿಕೊಂಡು ಕೂತಿದ್ದರು. ಅವ್ವ ರೊಟ್ಟಿಯ ಗಂಟನ್ನು ಅವರ ಕೈಗೆ ಕೊಟ್ಟು, ಅದೇ ಆಟೊದಲ್ಲಿ ವಾಪಸು ಹೋದಳು.

ಬೆಂಗಳೂರಿನಲ್ಲಿ ರೈಲು ಬದಲಾಯಿಸಿದೆವು; ಅವ್ವನ ಟಿಕೆಟನ್ನು ಅಪ್ಪ ನಿನ್ನೆಯೇ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರಂತೆ. ಇಷ್ಟು ಹೊತ್ತಾದರೂ ಪರದೆಯ ಮಾತು ಇಬ್ಬರೂ ಎತ್ತಿಲ್ಲ. ಚೆಲ್ಲೊಗೆ ಕೆಳಗಿನ ಬರ್ತು ಬಿಟ್ಟುಕೊಟ್ಟು ಅಪ್ಪ ಮೇಲೆ ಹತ್ತಿ ಮಲಗಿದ್ದಾರೆ.

ಜೂನ್ ೧೨, ಗುರುವಾರ. ಮುಂಬೈ

ನನ್ನ ನಂಬರು ಹನ್ನೊಂದು.

ಚಪ್ಪಲಿ ಹೊರಗೆ ಬಿಡಿಸಿದರು. ಹೆಜ್ಜೆಯ ಸದ್ದಿನಿಂದ ಹೆಣ್ಣೋ ಗಂಡೋ ತಿಳಿದೀತೆಂದು ನೆಲಕ್ಕೆಲ್ಲ ದಪ್ಪ ಜಮಖಾನ ಹಾಸಿದ್ದರು. ಏನಾದರೂ ಕೇಳಬೇಕಿದ್ದರೆ ಜೊತೆಗೆ ಬಂದ ಹುಡುಗಿಯ ಕಿವಿಯಲ್ಲಿ ಹೇಳಬೇಕು, ಅವಳು ಅವರಿಗೆ ಹೇಳುತ್ತಾಳೆ. ಪರದೆ ಕಪ್ಪಗೆ, ಚಾವಣಿಯವರೆಗೆ ಇತ್ತು. ನನ್ನ ಕುರ್ಚಿಯಿಂದ ಮೂರು ಮಾರು ದೂರ.

ಕೂತಾಗ ಪರದೆಯನ್ನು ಎಳೆದು ಕಿತ್ತು, ನೋಡಿ ನಾನು ಇಲ್ಲಿದ್ದೇನೆ ಅನ್ನಬೇಕು ಅನಿಸಿತು, ನಿಜ ಹೇಳುತ್ತೇನೆ. ಮೊದಲ ಸ್ವರ ಹಚ್ಚಿದ ಮೇಲೆ ಬೇರೆಯಾಯಿತು. ಆಚೆ ಯಾರು ಕೂತಿದ್ದಾರೆಂದು ನನಗೂ ಕಾಣುತ್ತಿರಲಿಲ್ಲ. ಬುದ್ಧಿ ಬಂದಾಗಿನಿಂದ ಹೊಸಬರ ಮುಂದೆ ಕೂತಾಗಲೆಲ್ಲ ಮೊದಲು ಅವರ ಮುಖ ನೋಡುತ್ತಿದ್ದೆ, ಹೇಗೆ ನೋಡುತ್ತಿದ್ದಾರೆ ಎಂದು ತಿಳಿಯಲು. ಇವತ್ತು ಆ ಕೆಲಸ ಇರಲಿಲ್ಲ. ಇಷ್ಟು ದಿನ ಅದನ್ನೊಂದು ಕೆಲಸದಂತೆ ಮಾಡುತ್ತಿದ್ದೆ ಎಂದೂ ಗೊತ್ತಿರಲಿಲ್ಲ.

ಮುಗಿದ ಮೇಲೆ ಆಚೆಯಿಂದ ವಯಸ್ಸಾದ ಹೆಂಗಸೊಬ್ಬರ ದನಿ, ಹನ್ನೊಂದು, ಸರಬಾಂದನ್ನು ಇನ್ನೊಮ್ಮೆ ನುಡಿಸುವಿರಾ ಎಂದು ಇಂಗ್ಲಿಷಿನಲ್ಲಿ ಕೇಳಿತು. ತಪ್ಪಾಗಿದೆ ಎಂದುಕೊಂಡೆ. ಎರಡನೆಯ ಸಲ ಮೊದಲಿನ ಹಾಗೆ ಬರಲಿಲ್ಲ. ನಡುವಿನ ನಿಲುಗಡೆಯಲ್ಲಿ ನಿಂತೆ, ಇನ್ನೂ ನಿಂತೆ. ಆಚೆ ಯಾರೋ ಉಸಿರು ಬಿಟ್ಟರು. ಹೊರಟೆ.

ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಬಾಗಿಲ ಸಂದಿಯಿಂದ ಎರಡೂ ಸಲ ಕೇಳಿಸಿತಂತೆ.

"ಅದು ನಾನ್ ಯೋಳ್ಕೊಟ್ಟಿದ್ದಲ್ಲ" ಎಂದರು.

"ಅಲ್ಲ ಅಪ್ಪ."

"ಎಲ್ಲಿ ಕಲ್ತೆ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ. ಅಪ್ಪ ಬಹಳ ಹೊತ್ತು ತಲೆಯಾಡಿಸಿದರು. ಹೊರಗೆ ಮಳೆ ಹಿಡಿದಿತ್ತು. ಟ್ಯಾಕ್ಸಿ ಸಿಗುವವರೆಗೆ ಕೊಡೆಯನ್ನು ಚೆಲ್ಲೊ ಪೆಟ್ಟಿಗೆಗೆ ಹಿಡಿದು ತಾವು ನೆಂದರು.

ಜುಲೈ ೩, ಗುರುವಾರ. ಪಾಂಡವಪುರ

ಆಯ್ಕೆಯಾಗಿದೆ. ಒಂದು ವರ್ಷ ಪರೀಕ್ಷಾವಧಿ, ಎಂಟು ಜನ ಚೆಲ್ಲೊದವರಲ್ಲಿ ಕೊನೆಯ ಜಾಗ. ಅವ್ವ ಅತ್ತಳು. ಅಪ್ಪ ತಾತನಿಗೆ ಫೋನು ಮಾಡಿ ಹೇಳಿದರು. ತಾತ ಸಂಬಳ ಎಷ್ಟೆಂದು ಕೇಳಲಿಲ್ಲವಂತೆ, ಊಟ ಎಲ್ಲಿ ಎಂದು ಕೇಳಿದರಂತೆ.

ಇಷ್ಟು ವರ್ಷ ಬಯಸಿದ್ದು. ಬರೆಯಲು ಕೂತರೆ ಇಷ್ಟೇ ಬರುತ್ತಿದೆ.

ಆಗಸ್ಟ್ ೧೭, ಭಾನುವಾರ. ಮುಂಬೈ

ಹಾಸ್ಟೆಲಿನ ಕೋಣೆ ನಮ್ಮ ಬಚ್ಚಲಿನಷ್ಟಿದೆ. ಸಂಜೆ ಮೇಲೆ ಇಲ್ಲಿ ವಾದ್ಯ ನುಡಿಸುವಂತಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಅಶೋಕ್ ಅಂತ. ಒಳ್ಳೆಯ ಮನುಷ್ಯ, ಗದರಿಸುವುದಿಲ್ಲ. ಈ ವಾರ ಎರಡು ಸಲ ಅಭ್ಯಾಸ ನಿಲ್ಲಿಸಿ, ನಿನ್ನ ದನಿ ಬೇರೆಯಾಗಿ ಕೇಳುತ್ತಿದೆ ಎಂದರು. ಬೇರೆಯಾಗಿ ಕೇಳಬಾರದು. ಎಂಟು ಕಮಾನು ಒಂದೇ ಜಾಗದಲ್ಲಿ ತಿರುಗಬೇಕು, ಎಂಟು ಎಡಗೈ ತಂತಿಯ ಮೇಲೆ ಒಂದೇ ಬಗೆಯಲ್ಲಿ ಅಲುಗಬೇಕು. ಮೊದಲ ಸಲ ಮುಖ ಕೆಂಪಾಯಿತು. ಈಗ ಬರುತ್ತಿದೆ. ನಿನ್ನೆ ಒಂದು ಕಡೆ ನಾನು ನುಡಿಸುತ್ತಿದ್ದೇನೋ ಇಲ್ಲವೋ ನನಗೇ ತಿಳಿಯಲಿಲ್ಲ. ಎಲ್ಲರ ಸದ್ದೂ ನನ್ನ ಎದೆಯೊಳಗಿಂದಲೇ ಬರುತ್ತಿತ್ತು. ಅಶೋಕ್ ತಿರುಗಿ ನಕ್ಕರು. ಅಷ್ಟು ಸುಖ ಆಗಿತ್ತು, ಕೋಣೆಗೆ ಬಂದ ಮೇಲೆ ಯಾಕೋ ಅಳು ಬಂತು.

ಎರಡು ತಿಂಗಳಾಯಿತು ಸರಬಾಂದ್ ನುಡಿಸಿ.

ಸೆಪ್ಟೆಂಬರ್ ೨೧, ಭಾನುವಾರ. ಮುಂಬೈ

ಮೊದಲ ಕಛೇರಿ ಆಯಿತು. ಅಪ್ಪ ಅವ್ವ ಇಬ್ಬರೂ ಬಂದಿದ್ದರು. ಅವ್ವನಿಗೆ ರೇಷ್ಮೆ ಸೀರೆ, ಅಪ್ಪನಿಗೆ ಅದೇ ಬಿಳಿ ಅಂಗಿ. ಅವರಿಗೆಂದು ನನಗೆ ಸಿಕ್ಕಿದ್ದು ಬಾಲ್ಕನಿಯ ಟಿಕೆಟು. ವೇದಿಕೆಯ ದೀಪದಲ್ಲಿ ಮೇಲೆ ಏನೂ ಕಾಣುವುದಿಲ್ಲ. ಆದರೂ ಆ ಕಡೆಗೆ ಒಮ್ಮೆ ನೋಡಿದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಮುಂದೆ ನಿಂತು ವೃಂದ ನಡೆಸಿದವರು ಕೈ ಎತ್ತಿ ನಮ್ಮನ್ನೆಲ್ಲ ಎಬ್ಬಿಸಿದರು. ಎದ್ದೆವು. ಅಷ್ಟು ಜನ ನನ್ನ ಕಡೆ ನೋಡುತ್ತಿದ್ದರು, ಅಂದರೆ ನಮ್ಮ ಕಡೆ.

ಆಮೇಲೆ ಸಮುದ್ರದ ದಂಡೆಯ ಕಟ್ಟೆಯ ಮೇಲೆ ಮೂವರೂ ಕೂತೆವು. ಅವ್ವನಿಗೆ ಎಲ್ಲ ಬಹಳ ಹಿಡಿಸಿತ್ತು. ಅಷ್ಟು ಜನ ಒಂದೇ ಸಲ ಕೈ ಆಡಿಸುವುದು ನಾಟಿ ಮಾಡುವ ಹೆಂಗಸರ ಸಾಲಿನ ಹಾಗಿತ್ತು ಎಂದಳು. ಅಪ್ಪನನ್ನು ಹೇಗಿತ್ತು ಎಂದು ನಾನೇ ಕೇಳಿದೆ. ಒಂದೂ ತಪ್ಪಿಲ್ಲ, ಎಂಥಾ ಶಿಸ್ತು, ನಮ್ಮ ಬ್ಯಾಂಡಿನಲ್ಲಿ ಇದರ ಕಾಲು ಭಾಗವೂ ಇರಲಿಲ್ಲ ಎಂದರು.

"ಎಂಟು ಜನ್ವೂ ಒಂದೇ ಸದ್ದು ಮಾಡ್ತಿದ್ರಿ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಕಣ್ಣು ಮುಚ್ಕಂಡು ಕೇಳ್ದೆ. ನಿಂದು ಯಾವ್ದು ಅಂತ ಸಿಕ್ನಿಲ್ಲ."

"ಸಿಕ್ಬಾರ್ದು ಅಪ್ಪ. ಸಿಕ್ಕುದ್ರೆ ತಪ್ಪು."

"ಗೊತ್ತು ಕಣವ್ವ. ಮೂವತ್ತೊರ್ಸ ನಾನೂ ಅದ್ನೇ ಮಾಡಿದ್ದು." ಸಮುದ್ರದ ಕಡೆ ನೋಡುತ್ತ ಕೂತಿದ್ದರು. "ಆದ್ರೂ ಉಡುಕ್ದೆ."

ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟಳು.

ನಾಳೆ ಒಂಬತ್ತಕ್ಕೆ ಅವರ ರೈಲು. ಅಭ್ಯಾಸದ ಕೋಣೆ ಹತ್ತಕ್ಕೆ ಮುಂಚೆ ತೆರೆಯುವುದಿಲ್ಲ. ವಾಪಸು ಬರುವಾಗ ಕಾವಲುಗಾರನನ್ನು ಕೇಳಿಕೊಂಡೆ. ಆರಕ್ಕೆ ಬಂದರೆ ಬೀಗ ತೆಗೆಯುತ್ತೇನೆ ಎಂದಿದ್ದಾನೆ. ಅಪ್ಪನಿಗೆ ಆರಕ್ಕೆ ಸಿದ್ಧವಾಗಿರಲು ಹೇಳಿದ್ದೇನೆ. ಸರಬಾಂದ್‌ನ ಹಾಳೆಯನ್ನು ಚೆಲ್ಲೊ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.